ಕೊಟ್ರೇಶ ಗಿಡ್ಡ ಮಾಡಿದ ಸೈಲೆನ್ಸರ್

ಹೊಳಲ್ಕೆರೆಯಿಂದ ಹೊಸದುರ್ಗದ ರಸ್ತೆ ಹಿಡಿದರೆ ಒಂದು ತಗಡಿನ ಶೆಡ್ಡಿನ ಮುಂದೆ ಡೀಸೆಲ್ ಪಿಕಪ್ಪುಗಳು ಸಾಲಾಗಿ ನಿಂತಿರುತ್ತವೆ, ಯಾವುದಾದರೊಂದರ ಅಡಿಯಿಂದ ಎರಡು ಕಾಲು ಹೊರಗೆ ಚಾಚಿರುತ್ತವೆ. ಆ ಕಾಲು ಕೊಟ್ರೇಶನವು. ಕಂಪನಿಯವರು ಕೊಟ್ಟ ಗಾಡಿ ಕೊಟ್ಟ ಹಾಗೆಯೇ ಓಡಬೇಕು ಅನ್ನುವುದನ್ನು ಈ ಮನುಷ್ಯ ಯಾವತ್ತೂ ಒಪ್ಪಿದವನಲ್ಲ. ಪಂಪಿನ ಸ್ಕ್ರೂ ಅರ್ಧ ಸುತ್ತು ತಿರುಗಿಸುತ್ತಿದ್ದ, ನಾಝಲ್ ಬದಲಾಯಿಸುತ್ತಿದ್ದ, ಗಾಳಿ ಎಳೆಯುವ ಪೈಪನ್ನು ದಪ್ಪದ್ದು ಹಾಕುತ್ತಿದ್ದ, ಸೈಲೆನ್ಸರ್ ಕತ್ತರಿಸಿ ಬಾಡಿಯ ಅಡಿಯಲ್ಲೇ ಮುಗಿಯುವ ಹಾಗೆ ಗಿಡ್ಡ ಮಾಡುತ್ತಿದ್ದ. ಹೊಗೆ ಬೇಗ ಹೊರಗೆ ಬಿದ್ದಷ್ಟೂ ಇಂಜಿನ್ನಿಗೆ ಎದೆ ಹಗುರ ಎನ್ನುವುದು ಅವನ ವೇದಾಂತ. ಲೀಟರಿಗೆ ಹನ್ನೊಂದು ಕೊಡುತ್ತಿದ್ದ ಗಾಡಿ ಹದಿಮೂರೂವರೆ ಕೊಡತೊಡಗಿದ ಮೇಲೆ ವೇದಾಂತವನ್ನು ಪ್ರಶ್ನೆ ಮಾಡುವವರು ಯಾರು?

ಸಿದ್ಧವಾದ ಗಾಡಿಯನ್ನು ಅವನು ಪರೀಕ್ಷೆ ಮಾಡದೆ ಕೊಡುತ್ತಿರಲಿಲ್ಲ. ಶೆಡ್ಡಿನ ಹಿಂದೆ ಇದಕ್ಕೆಂದೇ ಸೈಜುಗಲ್ಲಿನ ರಾಶಿ ಇಟ್ಟಿದ್ದ. ಬಾಡಿಯ ತುಂಬ ಕಲ್ಲು ಹೇರಿಸಿ, ಮಾಲೀಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಿತ್ರದುರ್ಗದ ಕಡೆಯ ಏರನ್ನು ಮೂರನೇ ಗೇರಿನಲ್ಲೇ ಹತ್ತಿಸಿ ತೋರಿಸುವನು. ಟೊಮೆಟೊ ಸಾಗಿಸುವವನಿಗೂ ಕಲ್ಲೇ, ಸಿಮೆಂಟಿನವನಿಗೂ ಕಲ್ಲೇ, ಕುರಿ ಸಾಗಿಸುವವನಿಗೂ ಕಲ್ಲೇ. ಕಲ್ಲು ಉಸಿರಾಡುವುದಿಲ್ಲ ಅನ್ನುವ ಇಷ್ಟು ಸಣ್ಣ ವಿಷಯ ಅಷ್ಟು ದೊಡ್ಡ ಮೆಕ್ಯಾನಿಕ್ಕನ ತಲೆಗೆ ಹೊಳೆಯಲಿಲ್ಲವಲ್ಲ, ಹೊಟ್ಟೆ ಉರಿಯುವುದು ಅದಕ್ಕೇ.

ಹಿರೇಗುಂಟನೂರಿನ ಕಡೆಯ ಹಟ್ಟಿಯಿಂದ ಜುಂಜಣ್ಣ ತನ್ನ ಹಳೆಯ ಪಿಕಪ್ ತಂದಿದ್ದು ಎರಡು ವರ್ಷದ ಹಿಂದೆ. ಅರವತ್ತರ ಕುರಿಗಾರ, ಮಾತು ಕಡಿಮೆ. ಅವನ ಗಾಡಿಯ ತಳದ ತಗಡಿಗೆ ಅಲ್ಲಲ್ಲಿ ತೂತು ಹೊಡೆದಿದ್ದರು. ಕುರಿ ಉಚ್ಚೆ ಹೊಯ್ದರೆ ನಿಲ್ಲದೆ ಕೆಳಗೆ ಇಳಿದುಹೋಗಲಿ ಅಂತ ಕುರಿ ಸಾಗಿಸುವವರೆಲ್ಲ ಹಾಗೆ ಮಾಡಿಸುತ್ತಾರೆ. ಕೊಟ್ರೇಶ ಆ ತೂತುಗಳನ್ನು ನೋಡಿದ್ದ, ನೋಡಿಯೂ ಸರಿಯಾಗಿ ಅವುಗಳ ಕೆಳಗೇ ಸೈಲೆನ್ಸರ್ ಬಾಯಿ ಬರುವಂತೆ ಕತ್ತರಿಸಿದ್ದ. ಗಾಡಿ ಕೊಡುವಾಗ ಒಂದು ಬುದ್ಧಿಮಾತು ಬೇರೆ ಹೇಳಿದ್ದ: "ಬಿಸಿ ಇದ್ದಾಗ ತಟ್ಟನೆ ಇಂಜಿನ್ ಆಫ್ ಮಾಡಬ್ಯಾಡ್ರಿ ಜುಂಜಣ್ಣ, ಟರ್ಬೊ ಹೋಗತೈತೆ."

ಆ ವರ್ಷ ಆಗಸ್ಟಿನಲ್ಲಿ ಜುಂಜಣ್ಣ ಹದಿನೆಂಟು ಕುರಿ ಹೇರಿಕೊಂಡು ಮಾರಿಕಣಿವೆಯ ಹಿನ್ನೀರಿನ ಕಡೆ ಮೇಯಿಸಲು ಹೊರಟ. ದಾರಿಯಲ್ಲಿ ಮಳೆ ಹಿಡಿಯಿತು. ಕುರಿ ನೆನೆದಾವು ಅಂತ ನಾಲ್ಕೂ ಕಡೆ ಟಾರ್ಪಾಲು ಬಿಗಿದು ಕಟ್ಟಿದ. ಐಮಂಗಲದ ಹತ್ತಿರ ಲಾರಿಯೊಂದು ಮಗುಚಿ, ಹೆದ್ದಾರಿಯಲ್ಲಿ ಒಂದೂವರೆ ಗಂಟೆ ಗಾಡಿಗಳು ಕದಲಲಿಲ್ಲ. ಮೆಕ್ಯಾನಿಕ್ ಹೇಳಿದ್ದಾನಲ್ಲ, ಅವನು ಇಂಜಿನ್ ಆಫ್ ಮಾಡಲಿಲ್ಲ. ಹಿರಿಯೂರು ದಾಟಿ ಟಾರ್ಪಾಲು ಬಿಚ್ಚಿದಾಗ ಒಂದು ಕುರಿಯೂ ತಲೆ ಎತ್ತಲಿಲ್ಲ.

ಅವು ಜುಂಜಣ್ಣನ ಹೆಂಡತಿ ಪಾಲಮ್ಮನ ಕುರಿಗಳು. ಮದುವೆಯಲ್ಲಿ ತವರಿನಿಂದ ಎರಡು ಹೆಣ್ಣುಮರಿ ಹೊಡೆದುಕೊಂಡು ಬಂದಿದ್ದಳು, ಅವುಗಳ ಸಂತಾನ ಅದು. ಪ್ರತಿಯೊಂದನ್ನೂ ಅದರ ಅಜ್ಜಿಯ ಹೆಸರು ಹಿಡಿದು ಕರೆಯುತ್ತಿದ್ದಳು.

ವಾರದ ಮೇಲೆ ಜುಂಜಣ್ಣ ಗಾಡಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. "ಗಾಡಿದೇನೂ ತಪ್ಪಿಲ್ಲ ಕೊಟ್ರೇಶಪ್ಪ. ನಾನೇ ಟಾರ್ಪಾಲು ಜಗ್ಗಿ ಕಟ್ಟಿಬಿಟ್ಟೆ. ಉಸಿರು ಕಟ್ಟಿ ಸತ್ತೋದ್ವು. ಆಯಿಲ್ ಬದ್ಲಿಸ್ಕೊಡು," ಎಂದ. ಕೊಟ್ರೇಶ ಗಾಡಿಯ ಅಡಿಗೆ ನುಗ್ಗಿದ. ಮೇಲೆ ನೋಡಿದರೆ ತೂತುಗಳ ಅಂಚಿಗೆಲ್ಲ ಹೊಗೆಯ ಕರಿ ಮೆತ್ತಿಕೊಂಡಿತ್ತು. ಏನಾಗಿದೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಹೊರಗೆ ಬಂದವನು ಹೇಳಿದ್ದೇನು? "ಸೌಂಡು ಜಾಸ್ತಿ ಐತೆ ಜುಂಜಣ್ಣ, ಸೈಲೆನ್ಸರ್ ಉದ್ದ ಮಾಡ್ಕೊಡ್ತೀನಿ." ಅಷ್ಟೇ. ಪೈಪನ್ನು ಹಿಂದಿನ ಬಂಪರಿನ ಆಚೆಗೂ ಎಳೆದು ಬೆಸುಗೆ ಹಾಕಿದ. ಆಮೇಲೆ ಕುರಿ ಸಾಗಿಸುವ ಮಿಕ್ಕವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ, ಏನೋ ಒಂದು ನೆಪ ಹೇಳಿ ಕರೆಸಿ, ಪೈಪು ಉದ್ದ ಮಾಡಿಕೊಟ್ಟ. ತಪ್ಪನ್ನು ಕಬ್ಬಿಣದಲ್ಲಿ ಪೂರ್ತಿ ಸರಿಮಾಡಿದ, ಬಾಯಲ್ಲಿ ಮಾತ್ರ ಒಪ್ಪಿಕೊಳ್ಳಲಿಲ್ಲ.

ತಿಂಗಳಾದ ಮೇಲೆ ಪಾಲಮ್ಮ ಬಂದಳು. ಎರಡು ಬಸ್ಸು ಬದಲಾಯಿಸಿ, ಒಬ್ಬಳೇ. ಶೆಡ್ಡಿನಲ್ಲಿ ಹಿರಿಯೂರಿನ ಇಬ್ಬರು ಗಿರಾಕಿಗಳು ತಮ್ಮ ಗಾಡಿ ಕೆಲಸಕ್ಕೆ ಕೊಡಬೇಕೋ ಬೇಡವೋ ಎಂದು ಯೋಚಿಸುತ್ತ ನಿಂತಿದ್ದರು.

"ಕುಂತ್ಕಳ್ರಿ ಅಮ್ಮಾ," ಎಂದ ಕೊಟ್ರೇಶ.

ಅವಳು ಕೂರಲಿಲ್ಲ. "ನಿಂಗೆ ಗಾಡಿ ವಿಷ್ಯ ಗೊತ್ತು. ನಿಜ ಹೇಳಪ್ಪ. ನನ್ ಕುರಿ ಸತ್ತಿದ್ದು ನನ್ ಗಂಡ ಟಾರ್ಪಾಲು ಬಿಗಿದು ಕಟ್ಟಿದ್ಕೇನಾ? ಬ್ಯಾರೆ ಏನಾರ ಐತಾ?"

ಕೊಟ್ರೇಶ ಗಿರಾಕಿಗಳ ಮುಖ ನೋಡಿದ. ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯಿಂದ ಒರೆಸಿದ. "ಟಾರ್ಪಾಲೇ ಅಮ್ಮಾ," ಎಂದ.

"ಹಂಗಾರೆ ಅವ್ನೇ ಕೊಂದ," ಎಂದು ಪಾಲಮ್ಮ ಬಂದ ದಾರಿ ಹಿಡಿದಳು. ಗಿರಾಕಿಗಳು ಗಾಡಿ ಬಿಟ್ಟುಹೋದರು.

ದೀಪಾವಳಿ ಹೊತ್ತಿಗೆ ಜುಂಜಣ್ಣನ ಅಣ್ಣನ ಮಗ ರಂಗೇಶ್ ಬ್ರೇಕ್ ಮಾಡಿಸಲು ಬಂದಾಗ ಮುಂದಿನದು ಗೊತ್ತಾಯಿತು. ಪಾಲಮ್ಮ ಗಂಡನ ಜೊತೆ ಮಾತು ಬಿಟ್ಟಿದ್ದಾಳೆ, ಮಾರಿಕಣಿವೆ ಹತ್ತಿರ ತಮ್ಮನ ಮನೆಗೆ ಹೋಗಿ ಕೂತಿದ್ದಾಳೆ. ನಲವತ್ತು ವರ್ಷದ ಸಂಸಾರ. ಒಂದೇ ಒಂದು ಮಾತು ಹೇಳಿದರೆ ಅವಳು ವಾಪಸ್ ಬರುತ್ತಾಳೆ ಎಂದು ಕೊಟ್ರೇಶನಿಗೆ ಗೊತ್ತಿತ್ತು, ಆ ಮಾತು ತನ್ನೊಬ್ಬನ ಬಾಯಲ್ಲಿ ಮಾತ್ರ ಇದೆ ಎಂದೂ ಗೊತ್ತಿತ್ತು. ಅನ್ನ ಸೇರುತ್ತಿರಲಿಲ್ಲ. ಹೆಂಡತಿ ಸರ್ವಮಂಗಳಳಿಗೆ ಎಲ್ಲ ಹೇಳಿಕೊಂಡ. ಅವಳು ಅವತ್ತೇ ಹೋಗಿ ಹೇಳಿಬನ್ನಿ ಎಂದಳು. ಇವನು ಸಂಕ್ರಾಂತಿ ಕಳೆಯಲಿ ಎಂದ, ಆಮೇಲೆ ಯುಗಾದಿ ಎಂದ, ಆಮೇಲೆ ಕೆಲಸ ಜಾಸ್ತಿ ಎಂದ. ರಂಗೇಶ್ ಆಮೇಲೆ ಶೆಡ್ಡಿನ ಕಡೆ ತಲೆ ಹಾಕಲಿಲ್ಲ, ಅದು ಇವನಿಗೆ ಒಂದು ಥರ ಅನುಕೂಲವೇ ಆಯಿತು. ಜೂನಿನಲ್ಲಿ ಸರ್ವಮಂಗಳ ಸೀರೆ ಬದಲಾಯಿಸಿ ಬಾಗಿಲಲ್ಲಿ ನಿಂತಳು. "ನೀವು ಹೋಗ್ತೀರೋ, ನಾನೇ ಬಸ್ ಹತ್ಲೋ?"

ಕೊಟ್ರೇಶ ಹೋದ. ಹಟ್ಟಿಯ ಬೇವಿನ ಮರದ ಕೆಳಗೆ ಜುಂಜಣ್ಣ ಹಗ್ಗ ಹೊಸೆಯುತ್ತ ಕೂತಿದ್ದ. ಇವನು ಕೂರಲೂ ಇಲ್ಲ, ನೀರೂ ಕುಡಿಯಲಿಲ್ಲ. ಎಲ್ಲಿ ಧೈರ್ಯ ಕೈಕೊಡುವುದೋ ಎಂದು ನಿಂತಲ್ಲೇ ಎಲ್ಲವನ್ನೂ ಹೇಳಿದ. ಗಿಡ್ಡ ಪೈಪು, ತೂತು, ಹೊಗೆ, ಇಂಜಿನ್ ಆಫ್ ಮಾಡಬೇಡಿ ಎಂದಿದ್ದು. "ನಿಮ್ದೇನೂ ತಪ್ಪಿಲ್ಲ ಜುಂಜಣ್ಣ. ಎಲ್ಲ ನಂದೇ. ನಡೀರಿ, ಇವತ್ತೇ ಮಾರಿಕಣಿವೆಗೆ ಹೋಗಾಣ. ಅಮ್ಮನ ಕಾಲು ಹಿಡಿದು ನಾನೇ ಹೇಳ್ತೀನಿ."

ಜುಂಜಣ್ಣನ ಕೈ ನಿಂತಿತು. "ಪಾಲಿ ನಿನ್ನತ್ರ ಬಂದು ಕೇಳಿದ್ಲಲ್ಲ, ಆವಾಗ್ಲೂ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಯುಗಾದಿ ಆಗಿ ಹದಿನೈದು ದಿನಕ್ಕೆ ಜ್ವರ ಬಂದು ಹೋಗಿಬಿಟ್ಲು," ಎಂದ ಮುದುಕ. "ಬಾಯಿಗೆ ನೀರು ಬಿಡಾಕೆ ಹೋದೆ. ಮುಖ ಆಕಡೆ ತಿರುಗಿಸ್ಕಂಡ್ಳು."

ಕೊಟ್ರೇಶ ಅಲ್ಲೇ ಮಣ್ಣಿನಲ್ಲಿ ಕೂತ. ಬೈಯಲಿ, ಎರಡೇಟು ಹೊಡೆಯಲಿ ಎಂದು ಕಾದ. ಜುಂಜಣ್ಣ ಮತ್ತೆ ಹಗ್ಗ ಕೈಗೆತ್ತಿಕೊಂಡ.

"ನಂಗೆ ಹೇಳಿ ಏನ್ ಮಾಡ್ತೀಯಪ್ಪ," ಎಂದ. "ಕೇಳಿದ್ದೋಳು ಅವಳು."