ಫ್ರಾಂಕ್‌ಫರ್ಟಿನಿಂದ ಅಕ್ಕ ಹೊರಡಲಿಲ್ಲ

ಮಗಳು ವಿಯೆನ್ನಾದಲ್ಲಿ ಕೆಲಸಕ್ಕೆ ಸೇರಿದಾಗ ನನಗಿದ್ದ ಸಮಾಧಾನ ಒಂದೇ, ಅಕ್ಕನ ಮಗ ಫ್ರಾಂಕ್‌ಫರ್ಟಿನಲ್ಲಿದ್ದಾನೆ ಎಂಬುದು. ಆ ಎರಡು ಊರುಗಳ ನಡುವೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಮೆಲ್ಬರ್ನಿನಿಂದ ನಾನು ಸಿಡ್ನಿಯ ಅಕ್ಕನ ಮನೆಗೆ ಹೋಗಲು ಹಿಡಿಯುವಷ್ಟೇ ಹೊತ್ತು. ಅಕ್ಕನಿಗೆ ಮಂಡಿ ಆಪರೇಷನ್ ಆದಾಗ ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ನನ್ನ ಮನೆಗೆ ಬೀಗ ಹಾಕಿಕೊಂಡು ಹೋದವಳು, ಅವಳು ಕೋಲು ಬಿಟ್ಟು ನಡೆಯುವವರೆಗೂ ಅಲ್ಲೇ ಇದ್ದೆ. ಅದನ್ನು ಉಪಕಾರವೆಂದು ನಾನೆಂದೂ ಎಣಿಸಿರಲಿಲ್ಲ.

ಹೋದ ವರ್ಷ ಒಂದು ಸಂಜೆ, ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಮಗಳ ಫೋನ್ ಬಂತು. ಅಪೆಂಡಿಕ್ಸ್ ಒಡೆದಿದೆ, ಈಗಲೇ ಆಪರೇಷನ್ ಮಾಡುತ್ತಾರಂತೆ. ಅದೃಷ್ಟಕ್ಕೆ ಅಕ್ಕ ಆಗ ಮಗನ ಮನೆಯಲ್ಲೇ ಇದ್ದಳು.

"ಹೆದರ್ಬೇಡ ಪುಟ್ಟಿ, ದೊಡ್ಡಮ್ಮ ಫ್ರಾಂಕ್‌ಫರ್ಟಲ್ಲೇ ಇದಾರೆ. ಇವತ್ತೇ ಬರ್ತಾರೆ" ಅಂದೆ. ಅಕ್ಕನನ್ನು ಕೇಳಿ ಹೇಳಬೇಕೆಂದು ಹೊಳೆಯಲೇ ಇಲ್ಲ. ಅಕ್ಕನಲ್ಲವೇ!

ಅವಳಿಗೆ ಫೋನ್ ಮಾಡಿದೆ.

"ಅಯ್ಯೋ, ನಂಗೆ ಆ ಊರು ಗೊತ್ತಿಲ್ವಲ್ಲೇ. ಕರ್ಕೊಂಡು ಹೋಗೋಕೆ ಮಗನಿಗೆ ಇವತ್ತು ಲೀವ್ ಇಲ್ಲ. ನಾಳೆ ಎಲ್ರೂ ಬೋಟ್ ಟ್ರಿಪ್‌ಗೆ ಬುಕ್ ಮಾಡಿದೀವಿ ಬೇರೆ."

"ಒಂದೂವರೆ ಗಂಟೆ ಅಕ್ಕ. ಟಿಕೆಟ್ ನಾನೇ ಬುಕ್ ಮಾಡ್ತೀನಿ."

"ಹೇಗೂ ನೀನು ಹೊರಡ್ತೀಯಲ್ಲ? ಅಲ್ಲಿ ನರ್ಸ್‌ಗಳು ಎಲ್ಲಾ ನೋಡ್ಕೋತಾರೆ. ಮಧ್ಯೆ ನಾನು ಹೋಗಿ ಏನು ಮಾಡ್ಲಿ ಹೇಳು?"

ಫೋನ್ ಇಟ್ಟು, ಸಿಕ್ಕಿದ ಬಟ್ಟೆಯನ್ನು ಸೂಟ್‌ಕೇಸಿಗೆ ತುರುಕಿಕೊಂಡು ಏರ್‌ಪೋರ್ಟಿಗೆ ಹೊರಟೆ. ದುಬೈನಲ್ಲಿ ವಿಮಾನ ಬದಲಿಸಿದ್ದು ನೆನಪಿದೆ. ತಿಂದದ್ದು, ಮಲಗಿದ್ದು ಯಾವುದೂ ನೆನಪಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಕ್ಕನೊಡನೆ ಜಗಳವಾಡುತ್ತಿದ್ದೆ.

ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ನರ್ಸ್ ನಗುತ್ತ ಎದುರಾದಳು. "ಫ್ರಾಂಕ್‌ಫರ್ಟಿನಿಂದ ಬರಬೇಕಿದ್ದ ದೊಡ್ಡಮ್ಮ ನೀವೇನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆಪರೇಷನ್ನಿಗೆ ಒಳಗೆ ಕರೆದೊಯ್ಯುವಾಗಲೂ ಮಗಳು, "ನನ್ನ ದೊಡ್ಡಮ್ಮ ಬರ್ತಾರೆ, ಒಳಗೆ ಬಿಡಿ" ಎಂದು ಹೇಳಿಟ್ಟಿದ್ದಳಂತೆ. ಎಚ್ಚರವಾದ ಮೇಲೂ ಅದನ್ನೇ ಕೇಳಿದಳಂತೆ. ಅಷ್ಟರಲ್ಲಿ ಅವಳನ್ನು ನೋಡಲು ಬಂದವರು ಮನೆ ಬಾಡಿಗೆಗೆ ಕೊಟ್ಟಿದ್ದ ಮುದುಕಿಯೊಬ್ಬರೇ. ಚಪ್ಪಲಿ, ಟೂತ್‌ಬ್ರಷ್ಷು, ಫೋನಿನ ಚಾರ್ಜರ್ ತಂದಿಟ್ಟು ಹೋಗಿದ್ದರು.

ಮಗಳು ನನ್ನ ಕೈ ಹಿಡಿದು ಅತ್ತಳು. ಅಕ್ಕನ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದೇ ವಾರ ಅಕ್ಕ ನದಿಯ ಫೋಟೋಗಳನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದಳು. ಊರಿನ ನೆಂಟರೆಲ್ಲ ಹೂವು, ಹೃದಯ ಒತ್ತಿದರು.

ಸಿಡ್ನಿಗೆ ವಾಪಸಾದ ಮೇಲೆ ಅಕ್ಕನೇ ಫೋನ್ ಮಾಡಿದಳು. ನೇರವಾಗಿ ಕೇಳಿದೆ, "ಯಾಕೆ ಹೋಗ್ಲಿಲ್ಲ?"

"ಏನೂ ಆಗ್ಲಿಲ್ವಲ್ಲ ಅವಳಿಗೆ? ಇನ್ನೂ ಅದನ್ನೇ ಹಿಡ್ಕೊಂಡಿದೀಯಾ?"

ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನನಗೆ ಹೆಚ್ಚು ನೋವಾದದ್ದು ಅದಕ್ಕೇ. ಬೇಕೆಂದೇ ಮಾಡಿದ್ದರೆ ಎಂದಾದರೂ ಕ್ಷಮೆ ಕೇಳಿಯಾಳು ಎಂದು ಕಾಯಬಹುದಿತ್ತು.

ಈಗ ಹಬ್ಬಕ್ಕೆ ಮಾತಾಡುತ್ತೇವೆ. ಯುಗಾದಿಗೆ ಮಗಳೂ ಅವಳಿಗೆ ಶುಭಾಶಯ ಹೇಳಿದ್ದಾಳೆ. ಆಮೇಲೆ ಅಕ್ಕ ನನ್ನ ಹತ್ತಿರ ಗೊಣಗಿದಳು: "ಏನೇ, ನಿನ್ ಮಗಳು ನನ್ನನ್ನ ಆಂಟಿ ಅಂತಾಳೆ? ನಾನೇನು ಪಕ್ಕದ ಮನೆಯವಳಾ?"

ಇಲ್ಲಿ ಬೆಳೆದ ಮಕ್ಕಳು ಎಲ್ಲರನ್ನೂ ಹಾಗೇ ಕರೆಯುತ್ತಾರೆ ಅಂದೆ. ಮಗಳನ್ನು ತಿದ್ದಲು ಹೋಗಲಿಲ್ಲ.