ಮಗಳ ಅಳತೆಯ ಏಲಕ್ಕಿ ಹಾರ

ಅರಬರ ನಾಡಿನ ಮುಐದರ್ ಬಡಾವಣೆಯ ಹಳೆಯ ವಿಲ್ಲಾವೊಂದನ್ನು ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಹಿಂಬದಿಯ ಪಾಲಿನಲ್ಲಿ ಮೈಸೂರಿನ ವತ್ಸಲಾ, ಅವಳ ಗಂಡ ಧನಂಜಯ. ಉತ್ತರದ ಕಡಲತೀರದ ಅಲ್ ಶಮಾಲ್‌ನಿಂದ ಗೆಳತಿಯರ ಜೊತೆ ಮರಳುವಾಗ ಕಾರು ಉರುಳಿ ಅವರ ಒಬ್ಬಳೇ ಮಗಳು ಸಂಜನಾ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಶೋಕೇಸಿನ ಮೇಲಿದ್ದ ಅವಳ ಫೋಟೋಕ್ಕೆ ಹಾರ ಹಾಕಲು ವತ್ಸಲಾ ಬಿಟ್ಟಿರಲಿಲ್ಲ. ಗಂಧದ ಹಾರ ಬಿದ್ದರೆ ಅದು ಸತ್ತವರ ಫೋಟೋ. ಹಾರವಿಲ್ಲದ್ದು ಕಾಲೇಜಿಗೆ ಹೋದವರದೂ ಆಗಿರಬಹುದು, ಊರಿಗೆ ಹೋದವರದೂ ಆಗಿರಬಹುದು.

"ವರ್ಷಾಬ್ದಿಕ ಬಂತು. ಈಗಲಾದ್ರೂ ಒಂದು ಹಾರ ತರ್ಲಾ?" ಎಂದು ಧನಂಜಯ ಕೇಳಿದ.

"ಬೇಡ. ನಾನೇ ಮಾಡ್ತೀನಿ."

ಅದೇ ಊರಿನ ಅಲ್ ಮನ್ಸೂರಾ ಬಡಾವಣೆಯಲ್ಲಿ ಹಾವೇರಿ ಕಡೆಯ ಪಾರವ್ವ ಏಲಕ್ಕಿ ಹಾರ ಮಾಡುವುದನ್ನು ಕಲಿಸುತ್ತಾಳೆಂದು ಯಾರೋ ಹೇಳಿದ್ದರು. ವತ್ಸಲಾ ಶುಕ್ರವಾರ ಹೋದಳು. ಪಾರವ್ವ ನೆಲಕ್ಕೆ ಹಳೆಯ ಸೀರೆ ಹಾಸಿ, ಇಲ್ಲಿನವರು ಗಹವಾ ಕಾಫಿಗೆ ಕೊಳ್ಳುವ ದಪ್ಪ ಹಸಿರು ಏಲಕ್ಕಿಯನ್ನು ಅದರ ಮೇಲೆ ಸುರಿದುಕೊಂಡಿದ್ದಳು. ಬಿರಿದವು ಚಹಾಕ್ಕೆ, ಗಟ್ಟಿಯಾದವು ಹಾರಕ್ಕೆ.

"ನಡುವ ಚುಚ್ಚಬ್ಯಾಡ್ರೀ ಅಕ್ಕಾರ, ಒಡೀತಾವು. ತೊಟ್ಟಿನ ಹತ್ರ ಸೂಜಿ ಹಾಕ್ರಿ. ಯಾರಿಗ್ರೀ ಹಾರ?"

"ಮಗಳಿಗೆ. ಅವಳ ಜೊತೆಯವ್ರದೆಲ್ಲ ಈ ತಿಂಗಳು ಗ್ರ್ಯಾಜುಯೇಶನ್."

"ಭಾಳ ಚಲೋ ಆತು! ಇದು ಬದುಕಿ ಬಾಳೋರ ಕೊರಳಿಗೇ ಹಾಕೂದ್ರೀ. ಮದಿವಿ, ಸನ್ಮಾನ, ಇಂಥಾದ್ದಕ್ಕ. ಫೋಟೋಕ್ಕ ಹಾಕೋರಿಗೆ ನಾ ಕಲಿಸಂಗೇ ಇಲ್ಲ."

"ಗೊತ್ತು ಪಾರವ್ವ. ಅದಕ್ಕೇ ಬಂದೆ."

"ಎಷ್ಟ ಎತ್ತರ ಅದಾಳ್ರೀ? ಹಾರ ಸೊಂಟದ ಕೆಳಗ ಇಳೀಬೇಕು. ಇಲ್ಲಂದ್ರ ಕೂಸಿನ ಸರ ಕಂಡಂಗ ಕಾಣತೈತಿ."

"ನನ್ನ ಕಿವಿವರೆಗೆ ಬರ್ತಾಳೆ."

"ಒಮ್ಮೆ ಕರಕೊಂಡ ಬರ್ರೆಲಾ, ಮೈಮ್ಯಾಲೆ ಹಿಡದ ನೋಡೂಣು."

"ಅವಳಿಗೆ ಪುರಸೊತ್ತಾಗಲ್ಲ."

"ಈಗಿನ ಹುಡುಗ್ಯಾರು ಬಿಡ್ರಿ! ತಮ್ಮ ಮದಿವ್ಯಾಗೂ ಫೋನ್ ಹಿಡಕೊಂಡ ಕುಂದರತಾರ."

ಪಾರವ್ವ ನಕ್ಕಳು. ವತ್ಸಲಾಳಿಗೂ ನಗು ಬಂತು. ಸಂಜನಾ ಹಾಗೇ ಕೂರುತ್ತಿದ್ದಳು, ಊಟದ ತಟ್ಟೆಯ ಮುಂದೆ ಕೂಡ.

ಮುಂದಿನ ಶುಕ್ರವಾರಗಳಲ್ಲಿ ಹಾರ ಬೆಳೆಯಿತು. ಜರಿಯ ಪಟ್ಟಿಗೆ ಏಲಕ್ಕಿಯ ಸಾಲು, ನಡುನಡುವೆ ಮಣಿ, ತುದಿಗೆ ಕೆಂಪು ಉಣ್ಣೆಯ ಕುಚ್ಚು. ವತ್ಸಲಾಳ ಬೆರಳುಗಳಿಗೆ ಏಲಕ್ಕಿಯ ವಾಸನೆ ಹತ್ತಿಬಿಟ್ಟಿತ್ತು; ಅವಳು ಕಲಸಿದ ಅನ್ನಕ್ಕೂ ಅದೇ ಘಮ. ಆ ದಿನಗಳಲ್ಲಿ ಅವಳು ಸರಿಯಾಗಿ ಉಂಡಳು, ಒಮ್ಮೆ ಪಾತ್ರೆ ತೊಳೆಯುತ್ತ ಗುನುಗಿದಳು. ಧನಂಜಯ ಏನೂ ಕೇಳಲಿಲ್ಲ. ಕೇಳಿದರೆ ನಿಂತುಹೋದೀತು ಎಂದು ಅವನಿಗೆ ಭಯ.

ಸಂಜನಾಳ ಗೆಳತಿಯರು ಕಪ್ಪು ನಿಲುವಂಗಿ ತೊಟ್ಟು ಪದವಿ ಪಡೆದ ದಿನ ವತ್ಸಲಾ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ಹಾರವನ್ನು ಎರಡೂ ಕೈಯಲ್ಲಿ ಎತ್ತಿ ಫೋಟೋಕ್ಕೆ ಹಾಕಿದಳು.

ಹಾರ ನಿಲ್ಲಲಿಲ್ಲ. ಜಾರಿ ಶೋಕೇಸಿನ ಮೇಲೆ ಗುಡ್ಡೆಯಾಗಿ ಬಿತ್ತು. ಮಗಳ ಬಾಯಿ, ಗಲ್ಲ ಅದರ ಹಿಂದೆ ಮುಚ್ಚಿಹೋದವು. ಎರಡು ಸುತ್ತು ಮಾಡಿ ಹಾಕಿದಳು. ಮಗಳ ಕಣ್ಣೂ ಮರೆಯಾದವು. ಒಂದೆರಡು ಏಲಕ್ಕಿ ಒಡೆದು ಕಾಳು ಚೆಲ್ಲಿತು. ಬೆಳೆದು ನಿಂತ ಹುಡುಗಿಯ ಅಳತೆಯ ಹಾರ ಅಂಗೈಯಗಲದ ಗಾಜಿಗೆ ಹೇಗೆ ಕೂತೀತು?

ಧನಂಜಯ ಎದ್ದು ಬಂದ. ಫೋಟೋವನ್ನು ತೆಗೆದುಕೊಂಡು ಎದೆಗಿಂತ ಮೇಲೆ ಎತ್ತಿ ಹಿಡಿದ.

"ಇಲ್ಲಿಗೆ ಬರ್ತಿದ್ಳು, ಅಲ್ವಾ?"

"ಇನ್ನೂ ಸ್ವಲ್ಪ ಮೇಲೆ."

ಅವನು ಎತ್ತಿದ. ಅವಳು ಹಾರ ಹಾಕಿದಳು. ಈಗ ಅದು ನೆಟ್ಟಗೆ ಇಳಿಯಿತು. ಕುಚ್ಚು ಸೊಂಟದ ಕೆಳಗೆ ಎಲ್ಲಿ ಬರಬೇಕಿತ್ತೋ ಅಲ್ಲೇ ಬಂತು. ಎರಡು ಎಳೆಗಳ ನಡುವೆ, ಮಗಳ ಮೈ ಇರಬೇಕಾದ ಕಡೆ, ಧನಂಜಯನ ಅಂಗಿಯ ಗುಂಡಿಗಳು ಕಾಣುತ್ತಿದ್ದವು. ವತ್ಸಲಾ ಆ ಗುಂಡಿಗಳನ್ನೇ ನೋಡಿದಳು.

"ಕೈ ನೋಯ್ತಿದೆ, ವತ್ಸಲಾ. ಇಳಿಸ್ಲಾ?"

ಅವಳು ಹತ್ತಿರ ಹೋಗಿ ಫೋಟೋದ ಅಡಿಗೆ ತಾನೂ ಕೈ ಕೊಟ್ಟಳು.

"ಇಳಿಸೋಣ ರೀ," ಎಂದಳು.