ಹೊಳೆ ದಾಟಿಸಿದ ಪೀಟಿ ಟೀಚರ್

ಅವರ ಮೂಗಿನ ಎಲುಬು ಎಡಕ್ಕೆ ವಾಲಿತ್ತು. ಸಿಟ್ಟು ಬಂದಾಗ ಒಂದೇ ಹೊಳ್ಳೆ ಅರಳುತ್ತಿತ್ತು. ಅದನ್ನು ಕಂಡರೆ ಇಡೀ ಹೈಸ್ಕೂಲು ಬಾಯಿ ಮುಚ್ಚಿಕೊಳ್ಳುತ್ತಿತ್ತು. ನಮ್ಮ ಪೀಟಿ ಟೀಚರ್. ಮದುವೆಯಾದ ವರ್ಷವೇ ಗುದ್ದಿ ಆ ಮೂಗನ್ನು ಹಾಗೆ ಮಾಡಿದವನು ಅವರ ಗಂಡ. ನಮ್ಮ ಊರು ಕಡಬದಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಯಾರೂ ಕೇಳುತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ಪುತ್ತೂರಿನ ಒಂದು ಯುವಕ ಸಂಘ ಹೊಸ ಪಂದ್ಯವೊಂದನ್ನು ಇಟ್ಟಿತು. ಕಡಬದ ಹತ್ತಿರ ಕುಮಾರಧಾರೆ ಹೊಳೆಯನ್ನು ಈಜಿ ಆಚೆ ಹೋಗಿ ಬರುವುದು, ಸೈಕಲಿನಲ್ಲಿ ಪುತ್ತೂರಿಗೆ ಹೋಗುವುದು, ಅಲ್ಲಿಂದ ಸುಳ್ಯಕ್ಕೆ ಓಡುವುದು. ಹೆಂಗಸರಿಗೆ ಇಲ್ಲ ಎಂದು ನೋಟೀಸಿನಲ್ಲಿ ಇರಲಿಲ್ಲ. ಹೆಂಗಸರು ಬಂದಾರು ಎಂದು ಆ ಮಹಾನುಭಾವರಿಗೆ ಹೊಳೆದೇ ಇರಲಿಲ್ಲ. ನಾನು ಆಗ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದೆ. ಟೀಚರ್ ನನ್ನನ್ನು ಕೇಳದೆಯೇ ನನ್ನ ಹೆಸರು ಕೊಟ್ಟು ಬಂದರು.

ಅವರ ತರಬೇತಿ ಎಂದರೆ ಹೊಡೆತ. ಓಟ ನಿಧಾನವಾದರೆ ವಿಸಿಲಿನ ಹಗ್ಗ ಬೆನ್ನಿಗೆ ಬೀಳುತ್ತಿತ್ತು. ಹೊಳೆಯಲ್ಲಿ ನನ್ನ ಪಕ್ಕದಲ್ಲೇ ಈಜುತ್ತ, ಜಡೆ ಹಿಡಿದು ನನ್ನ ತಲೆಯನ್ನು ನೀರಿನೊಳಗೆ ಒತ್ತುತ್ತಿದ್ದರು. ಒಮ್ಮೆ ಉಸಿರುಗಟ್ಟಿ ಅವರ ಕೈಯನ್ನು ರಕ್ತ ಬರುವಂತೆ ಕಚ್ಚಿಬಿಟ್ಟೆ. ಕೈ ನೋಡಿಕೊಂಡು ನಕ್ಕರು.

“ಹಾಂ, ಈಗ ಬಂತು ನೋಡು! ಅಷ್ಟು ಸಿಟ್ಟು ಉಂಟಲ್ಲ, ಅದರಲ್ಲೇ ಆಚೆ ದಡಕ್ಕೆ ಹೋಗು.”

ದಡ ಹತ್ತಿದ ಮೇಲೆ ಚೀಲದಿಂದ ಬೇಯಿಸಿದ ಮೊಟ್ಟೆ ತೆಗೆದು, ತಾವೇ ಸುಲಿದು ನನ್ನ ಬಾಯಿಗೆ ತುರುಕುತ್ತಿದ್ದರು. ಅವರನ್ನು ಕೊಂದುಹಾಕಬೇಕು ಎನ್ನಿಸುತ್ತಿತ್ತು. ಆದರೂ ಮರುದಿನ ಅವರಿಗಿಂತ ಮೊದಲೇ ಹೊಳೆಬದಿಯಲ್ಲಿ ನಿಂತಿರುತ್ತಿದ್ದೆ.

ಒಂದು ಸಂಜೆ ಏರಿನಲ್ಲಿ ಸೈಕಲ್ ತುಳಿಯುತ್ತಿದ್ದಾಗ, ಸಾರಾಯಿ ಗಡಂಗಿನಿಂದ ಹೊರಬಂದವನೊಬ್ಬ ಕ್ಯಾರಿಯರ್ ಹಿಡಿದು ಜಗ್ಗಿದ. ಜಲ್ಲಿಯ ಮೇಲೆ ಬಿದ್ದು ನನ್ನ ಮೊಣಕಾಲು ಒಡೆಯಿತು. ಹಿಂದೆ ಓಡಿಬರುತ್ತಿದ್ದ ಟೀಚರ್ ಸೈಕಲಿನ ಪಂಪು ಕಿತ್ತು ಅವನ ಬಾಯಿಗೆ ಬಾರಿಸಿದರು. ಅವನು ಹಲ್ಲು ಉಗುಳಿದ. ಮತ್ತೂ ಬಾರಿಸಿದರು.

“ಸಾಕು ಟೀಚರ್, ಸತ್ತುಹೋಗ್ತಾನೆ!” ಎಂದು ನಾನೇ ಅವರ ಸೊಂಟ ಹಿಡಿದು ಎಳೆದೆ.

ಅವರು ಪಂಪನ್ನು ಕೆಳಗಿಳಿಸಿದರು. “ಹೊರಗಿನವರಿಗೆ ಹೊಡೀಲಿಕ್ಕೆ ನಂಗೆ ಧೈರ್ಯ ಉಂಟು ಮಾರಾಯ್ತಿ,” ಎಂದರು.

ಆ ಗಲಾಟೆ ಮನೆಗೆ ಮುಟ್ಟಿತು. ಮಾನ ಹೋಯಿತೆಂದು ಅಣ್ಣ ನನಗೆ ಬೆಲ್ಟಿನಲ್ಲಿ ಬಾರಿಸಿದ. ಪಂದ್ಯದ ಹಿಂದಿನ ದಿನ ಕತ್ತಿ ತಂದು ನನ್ನ ಸೈಕಲಿನ ಟಯರುಗಳನ್ನು ಕೊಚ್ಚಿಹಾಕಿದ. ಓಡಿಹೋಗಿ ಟೀಚರಿಗೆ ಹೇಳಿದೆ. ಬೆಳಿಗ್ಗೆ ಅವರು ತಮ್ಮ ಗಂಡನ ಸೈಕಲ್ ತಳ್ಳಿಕೊಂಡು ಹೊಳೆಬದಿಗೆ ಬಂದರು. ತುಟಿ ಸೀಳಿತ್ತು. ಒಂದು ಕಣ್ಣು ಬಾತು ಮುಚ್ಚಿಹೋಗಿತ್ತು.

“ಅವ್ರು ಕೊಟ್ರಾ?”

“ಕೊಡ್ಲಿಲ್ಲ. ನಾನು ತಂದದ್ದು. ನೀನು ನೀರಿಗಿಳಿ.”

ನಾನು ಸುಳ್ಯ ಮುಟ್ಟಿದಾಗ ಹಿಂದೆ ಇನ್ನೂ ಗಂಡಸರಿದ್ದರು. ಕಾಲಿನ ಉಗುರು ಕಿತ್ತು ಕ್ಯಾನ್ವಾಸ್ ಶೂ ಕೆಂಪಾಗಿತ್ತು. ಟೀಚರ್ ನನ್ನನ್ನು ತಬ್ಬಿಕೊಂಡರು, ಮೊದಲ ಸಲ. ನಾನು ಪುತ್ತೂರಿನಲ್ಲಿ ಬಿಟ್ಟಿದ್ದ ಸೈಕಲನ್ನು ಅವರು ಬಸ್ಸಿನ ಮೇಲೆ ಹಾಕಿಸಿ ತಂದಿದ್ದರು.

“ಇವತ್ತು ಮನೆಗೆ ಹೋಗ್ಬೇಡಿ ಟೀಚರ್.”

“ಮತ್ತೆ ಎಲ್ಲಿಗೆ ಹೋಗುದು? ನಿನ್ನ ಅಣ್ಣನ ಮನೆಗಾ?”

ಅವರು ಸೈಕಲ್ ವಾಪಸು ಕೊಡಲು ಹೋದರು.

ಮರುದಿನ ಅವರ ಹೆಣವನ್ನು ಅವರ ಮನೆಯ ಬಾವಿಯಿಂದ ಎತ್ತಿದರು. ನೀರು ಸೇದುವಾಗ ಕಾಲು ಜಾರಿತು, ಮುಳುಗಿಹೋದಳು ಎಂದು ಗಂಡ ಹೇಳಿದ. ಸೇರಿದವರು ತಲೆಯಾಡಿಸಿದರು. ಪೊಲೀಸರು ಬರೆದುಕೊಂಡರು. ನಾನು ಜನರನ್ನು ತಳ್ಳಿಕೊಂಡು ಮುಂದೆ ಹೋದೆ.

“ಟೀಚರಿಗೆ ಈಜು ಬರ್ತದೆ,” ಎಂದೆ.

ಯಾರೂ ಬರೆದುಕೊಳ್ಳಲಿಲ್ಲ. ಅಣ್ಣ ಹಿಂದಿನಿಂದ ಬಂದು ನನ್ನ ಬಾಯಿಗೆ ಕೈ ಒತ್ತಿದ. ಆ ಕೈಯನ್ನು ಕಿತ್ತೆಸೆದು ಇನ್ನೊಮ್ಮೆ ಹೇಳಿದೆ, ಇಡೀ ಅಂಗಳಕ್ಕೆ ಕೇಳುವ ಹಾಗೆ.